ಬ್ರೇಕಿಲ್ಲದ ಸಿದ್ದಯ್ಯ

ನಮ್ಮಣ್ಣ ಪುಟ್ಟಸಿದ್ದಯ್ಯನನ್ನು ಹೂಗ್ಯದಲ್ಲಿ ಇವತ್ತಿಗೂ ‘ಬ್ರೇಕಿಲ್ಲದ ಸಿದ್ದಯ್ಯ’ ಅಂತಲೇ ಕರೆಯುತ್ತಾರೆ. ಹಾಗೆ ಕರೆಯುವವರಲ್ಲಿ ಅರ್ಧಕ್ಕರ್ಧ ಜನ ಆಗ ಹುಟ್ಟೇ ಇರಲಿಲ್ಲ. ಕಾರಿನ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂದು ತಿಳಿಯದವನೂ ಟೀ ಅಂಗಡಿ ಮುಂದೆ ಕೂತು, ‘ತಾನೇ ರಿಪೇರಿ ಮಾಡ್ಕಂಡು ಎಂಡ್ತೀನ ಸಾಯಿಸಕ್ಕೋಗಿದ್ದ’ ಎಂದು ಹಲ್ಲು ಕಿಸಿಯುತ್ತಾನೆ. ಕೇಳಿ ಕೇಳಿ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಅವನ ತಂಗಿ ಮಹಾದೇವಮ್ಮ, ಆ ದಿನ ಕಾರಿನೊಳಗೇ ಇದ್ದವಳು. ಅವ್ವ ಬದುಕಿರುವ ತನಕ ಬಾಯಿ ಹೊಲಿದುಕೊಂಡಿದ್ದೆ. ಈಗ ಅವ್ವ ಇಲ್ಲ. ಅಣ್ಣ ಬೇಡ ಎಂದರೂ ಹೇಳುವವಳೇ.

ಅಣ್ಣ ಮೊದಲು ಒಬ್ಬ ಬಿದಿರು ಕಂಟ್ರಾಕ್ಟರ ಲಾರಿ ಓಡಿಸುತ್ತಿದ್ದ. ಅವರು ಹೊಸ ಜೀಪು ತಂದಾಗ ಹಳೆಯ ಮಾರಿಸ್ ಕಾರು ಶೆಡ್ಡಿನ ಮೂಲೆ ಸೇರಿ, ಅದರ ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಅಣ್ಣ ಅದನ್ನು ಕೊಂಡು, ನಮ್ಮ ಎತ್ತುಗಳನ್ನು ಮುಂದಕ್ಕೆ ಕಟ್ಟಿ, ಎಳೆಸಿಕೊಂಡು ಊರಿಗೆ ಬಂದ. ‘ಕಾರಿಗೂ ಮೇವು ಆಕ್ತೀಯೇನ್ಲಾ ಸಿದ್ದ?’ ಎಂದು ಊರೇ ನಕ್ಕಿತು. ಆ ಮಳೆಗಾಲ ಪೂರ್ತಿ ಅವನು ಕೊಟ್ಟಿಗೆಯಲ್ಲಿ ಅದರ ಹೊಟ್ಟೆ ಬಗೆದುಕೊಂಡು ಕೂತ. ಮಳೆ ನಿಂತ ಮೇಲೆ ಒಂದು ಬೆಳಗ್ಗೆ ಕಾರು ಕೆಮ್ಮಿ, ಹೊಗೆ ಉಗುಳಿ, ತಾನೇ ಹೊರಗೆ ಬಂತು. ನಕ್ಕವರೆಲ್ಲ ಹತ್ತಿ ಕೂರಲು ಮುಗಿಬಿದ್ದರು.

ಓಡಿಸುವುದಕ್ಕಿಂತ ಅದರ ಮೈ ನೋಡಿಕೊಳ್ಳುವುದರಲ್ಲೇ ಅಣ್ಣನಿಗೆ ಸುಖ. ತಗಡು ನೆಗ್ಗಿದರೆ ಹೊರಗಿನಿಂದ ಮರಳಿನ ಚೀಲ ಒತ್ತಿಹಿಡಿದು, ಒಳಗಿನಿಂದ ಮರದ ಕೊಡತಿಯಲ್ಲಿ ಮೆಲ್ಲಗೆ ತಟ್ಟಿ ತಟ್ಟಿ ಎಬ್ಬಿಸುತ್ತಿದ್ದ. ಉಳಿದ ತಗ್ಗಿಗೆ ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ರೊಟ್ಟಿ ಹಿಟ್ಟಿನಷ್ಟು ಹದವಾಗಿ ನಾದಿ ಮೆತ್ತುತ್ತಿದ್ದ. ಅದು ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ, ನೀರು ಹಾಕಿ ಮತ್ತೆ ಉಜ್ಜಿ, ಹಸಿರು ಬಣ್ಣವನ್ನು ಕುಂಚದಲ್ಲೇ ಹೊಡೆಯುತ್ತಿದ್ದ. ಆಮೇಲೆ ಇಳಿಬಿಸಿಲಿನಲ್ಲಿ ಒಂದು ಕಣ್ಣು ಮುಚ್ಚಿ ಓರೆಯಾಗಿ ನೋಡುವುದು. ಏನಾದರೂ ಕೊರತೆ ಕಂಡರೆ ಎಲ್ಲ ಕೆರೆದು ಮೊದಲಿನಿಂದ ಶುರು. ಕೊಳ್ಳೇಗಾಲದಲ್ಲಿ ಗ್ಯಾರೇಜು ಇರಲಿಲ್ಲವೆಂದಲ್ಲ, ಬೇರೆಯವರ ಕೈಗೆ ಕೊಡಲು ಅವನಿಗೆ ಮನಸ್ಸಿರಲಿಲ್ಲ.

ಅವನಿಗೆ ಕೋಪ ಮೂಗಿನ ತುದಿಯಲ್ಲೇ. ಕಾರನ್ನು ಮುಟ್ಟಿದರೆ ಮುಗಿಯಿತು. ಒಂದು ಸಲ ಅತ್ತಿಗೆ ಶಿವರತ್ನಮ್ಮ ಸೊಪ್ಪಿನ ಹೊರೆ ಇಳಿಸುವಾಗ ಅವಳ ಬಳೆ ಬಾಗಿಲಿಗೆ ಗೀಚಿತು. ಅಣ್ಣ ಮನೆ ಮುಂದೆ ನಿಂತು ಕೇರಿಗೆಲ್ಲ ಕೇಳುವಂತೆ ಬೈದ. ಅತ್ತಿಗೆ ಅಂದಿನಿಂದ ಕೊಟ್ಟಿಗೆಗೆ ಹೋಗುವಾಗ ಸೆರಗನ್ನೂ ಬಳೆಯನ್ನೂ ಒತ್ತಿ ಹಿಡಿದುಕೊಂಡು ಗೋಡೆ ಬದಿಯಲ್ಲೇ ಹೋಗುತ್ತಿದ್ದಳು. ಅಣ್ಣನ ಮೇಲೆ ನನಗೆ ಎಷ್ಟು ಅಕ್ಕರೆಯಿದ್ದರೂ ಅದನ್ನು ನೋಡಿದಾಗ ಅವನ ಕೊಡತಿಯಲ್ಲೇ ಅವನಿಗೆ ಒಂದು ಬಿಡೋಣ ಅನ್ನಿಸುತ್ತಿತ್ತು.

ನಮ್ಮವ್ವ ರಂಗಮ್ಮ ಒಬ್ಬಳಿಗೆ ಮಾತ್ರ ಜಗಲಿಯ ಮೇಲೆ ಕೂತು ಅವನ ಕೆಲಸ ನೋಡುವ ಸಲಿಗೆಯಿತ್ತು. ದೂರ ಹೊರಡುವ ಮುಂಚೆ ಅಣ್ಣ ಬ್ರೇಕು ಬಿಗಿ ಮಾಡುತ್ತಿದ್ದ. ಚಕ್ರದ ನಡುವಿನ ಹೊಳೆಯುವ ಮುಚ್ಚಳ ತೆಗೆದರೆ ಒಳಗೆ ಒಂದು ತೂತು. ಅದರಲ್ಲಿ ತಿರುಪುಳಿ ತೂರಿಸಿ ತಿರುಗಿಸಬೇಕು. ಅವ್ವ ಇದನ್ನು ಎಷ್ಟೋ ಸಲ ನೋಡಿದ್ದಳು. ನಮ್ಮಪ್ಪನ ಕಾಲದಲ್ಲಿ ಗಾಡಿ ಹೂಡುವ ಮೊದಲು ಚಕ್ರದ ನಡುವಿನ ಗುಂಬಕ್ಕೆ ಕೀಲೆಣ್ಣೆ ಬಿಡದೆ ಎತ್ತಿನ ಹೆಗಲಿಗೆ ನೊಗ ಇಟ್ಟದ್ದೇ ಇಲ್ಲ. ಅದಕ್ಕೆಂದೇ ಹರಳೆಣ್ಣೆ ತುಂಬಿದ ಬಿದಿರಿನ ಗೊಟ್ಟ ಗಾಡಿಯ ಕೆಳಗೆ ನೇತಾಡುತ್ತಿತ್ತು. ಅವ್ವನ ಲೆಕ್ಕದಲ್ಲಿ ಚಕ್ರ ಎಂದರೆ ಚಕ್ರ, ತೂತು ಎಂದರೆ ಎಣ್ಣೆಗೆ.

‘ಇದ್ಕೆ ಕೀಲೆಣ್ಣೆ ಬುಡಾಕಿಲ್ವಾ ಮಗ?’ ಎಂದು ಅವಳು ಕೇಳಿದ್ದಳು.

ಅಣ್ಣ ಕಾರಿನ ಅಡಿಯಿಂದಲೇ, ‘ಎಲ್ಲಾ ಆಗ್ತದೆ ಬುಡವ್ವ’ ಎಂದಿದ್ದ. ಅವನು ಕೇಳಿಸಿಕೊಂಡೇ ಇರಲಿಲ್ಲ.

ಅದು ಅರವತ್ತಾರನೇ ಇಸವಿ. ಅತ್ತಿಗೆ ಮತ್ತೆ ತುಂಬಿದ ಬಸುರಿ. ಚೊಚ್ಚಲ ಹೆರಿಗೆಗೆ ಬಂಡಳ್ಳಿಯ ತವರಿಗೆ ಹೋಗಿದ್ದಳು. ಆ ಮಗು ಅಡ್ಡ ತಿರುಗಿ, ಹೊರಗೆ ಬರುವಷ್ಟರಲ್ಲಿ ಉಸಿರಿರಲಿಲ್ಲ. ಅತ್ತಿಗೆ ಉಳಿದದ್ದೇ ಹೆಚ್ಚು. ಈ ಸಲ ಅವಳು ನಗುವುದನ್ನೇ ಬಿಟ್ಟಿದ್ದಳು. ರಾತ್ರಿ ಊಟಕ್ಕೆ ಕೂತವಳು ಇದ್ದಕ್ಕಿದ್ದಂತೆ ಹೊಟ್ಟೆಯ ಮೇಲೆ ಕೈಯಿಟ್ಟು, ಮಗು ಆಡುತ್ತಿದೆಯೋ ಇಲ್ಲವೋ ಎಂದು ನನ್ನ ಮುಖ ನೋಡುತ್ತಿದ್ದಳು. ಅಣ್ಣನೂ ಹೆದರಿದ್ದ. ಬಾಯಲ್ಲಿ ಹೇಳುವ ಜಾತಿಯವನಲ್ಲ. ದಿನಾ ಕಾರು ಬಿಚ್ಚಿ ನೋಡುತ್ತಿದ್ದ. ನೋವು ಶುರುವಾಗುವ ಹಿಂದಿನ ಸಂಜೆ ಎಲ್ಲ ಚಕ್ರಗಳ ಬ್ರೇಕು ಬಿಗಿ ಮಾಡಿ, ಬೆಳಕು ಸಾಲದೆ ಮುಚ್ಚಳಗಳನ್ನು ಜಗಲಿಯ ಮೇಲೇ ಬಿಟ್ಟು ಎದ್ದು ಬಂದ.

ಕೋಳಿ ಕೂಗುವಾಗ ನೋವು ಬಂತು. ಸೂಲಗಿತ್ತಿ ಸೋಮಮ್ಮ ಬಂದು ಹೊಟ್ಟೆ ಸವರಿ ನೋಡಿ ಹೊರಗೆ ಬಂದಾಗ ಬಿಸಿಲು ಮೂಡಿತ್ತು.

‘ಈ ಕೂಸೂ ಅಡ್ಡ ಕೂತದೆ. ನನ್ ಕೈಲಾಗಾಕಿಲ್ಲ. ಕೊಳ್ಳೇಗಾಲದ ಆಸ್ಪತ್ರೆಗೆ ತಕಂಡೋಗಿ. ನಿಂತ್ಕಂಡು ಮಾತಾಡ್ಬೇಡಿ, ಒರಡಿ’ ಎಂದಳು.

ಅಣ್ಣ ಹೊಲದ ಮನೆಯಲ್ಲಿಟ್ಟಿದ್ದ ಪೆಟ್ರೋಲ್ ಡಬ್ಬ ತರಲು ಓಡಿದ. ನಾನು ಒಳಗೆ ಅತ್ತಿಗೆಗೆ ಕಂಬಳಿ ಸುತ್ತುತ್ತಿದ್ದೆ. ಆ ಹೊತ್ತಿನಲ್ಲಿ ಅವ್ವ ಏನು ಮಾಡಿದಳೆಂದು ನಮಗೆ ತಿಳಿದದ್ದು ಆಮೇಲೆ, ನಿಮಗೆ ಈಗಲೇ ಹೇಳಿಬಿಡುತ್ತೇನೆ. ಬಸುರಿಯನ್ನು ಕೂರಿಸಿಕೊಂಡು ಹೋಗುವ ಗಾಡಿ ಕಿರುಗುಟ್ಟಬಾರದು ಎಂದು ಅವಳ ಅವ್ವ ಹೇಳಿಕೊಟ್ಟಿದ್ದಳಂತೆ. ಅಟ್ಟದಿಂದ ಅಪ್ಪನ ಗೊಟ್ಟ ಇಳಿಸಿ, ಹರಳೆಣ್ಣೆ ತುಂಬಿ, ಮಾದಪ್ಪನನ್ನು ನೆನೆದು, ನಾಲ್ಕೂ ಚಕ್ರದ ತೂತಿಗೆ ಧಾರಾಳವಾಗಿ ಬಿಟ್ಟಳು. ಆಮೇಲೆ ಮುಚ್ಚಳಗಳನ್ನು ಅಂಗೈಯಿಂದ ಬಡಿದು ಕೂರಿಸಿದಳು. ಬ್ರೇಕು ಹಿಡಿಯುವುದೇ ಒಣ ಉಜ್ಜಾಟದಿಂದ. ಅಲ್ಲಿ ಎಣ್ಣೆ ಬಿದ್ದರೆ ಹಿಡಿಯುವುದು ಹೋಗಿ ಜಾರುತ್ತದೆ. ಸೊಸೆಯ ಮೇಲಿನ ಪ್ರೀತಿಯಿಂದ ಕೊಲೆಯಷ್ಟು ದೊಡ್ಡ ಕೆಲಸ ಮಾಡಿ, ಕೈ ತೊಳೆದುಕೊಂಡು ಬಂದು ಅವಳ ಹಣೆಗೆ ವಿಭೂತಿ ಇಟ್ಟಳು.

ಹೊರಟೆವು. ಅಣ್ಣನ ಪಕ್ಕದಲ್ಲಿ ಅವ್ವ. ಹಿಂದೆ ನಾನು ಬಲಗಡೆಗೆ, ನನ್ನ ತೊಡೆಯ ಮೇಲೆ ಅತ್ತಿಗೆಯ ತಲೆ. ಊರಾಚೆಯ ಹಳ್ಳದಲ್ಲಿ ಮೊಣಕಾಲುದ್ದ ನೀರಿತ್ತು, ದಾಟಿದೆವು. ಮುಂದೆ ಅರಣ್ಯದವರ ಗೇಟು. ಅಡ್ಡ ಕಟ್ಟಿದ ಬಿದಿರಿನ ಹತ್ತಿರ ಕಾರು ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಮೆಲ್ಲಗೆ ಉರುಳಿ ಹೋಗಿ ಬಿದಿರಿಗೆ ಮುಟ್ಟಿ ನಿಂತಿತು. ಕಾವಲಿನವನು ‘ಏನ್ ಸಿದ್ದಣ್ಣ, ನಿದ್ದೆನಾ?’ ಎಂದು ನಕ್ಕು, ಒಳಗಿನ ನರಳಾಟ ಕೇಳಿಸಿದೊಡನೆ ಬಿದಿರು ಎತ್ತಿದ.

ಅಣ್ಣ ನಗಲಿಲ್ಲ. ಹಿಂದಿನಿಂದ ನನಗೆ ಅವನ ಕುತ್ತಿಗೆ ಕಾಣುತ್ತಿತ್ತು, ಬೆಳಗಿನ ಚಳಿಯಲ್ಲೂ ಬೆವರು ಇಳಿಯುತ್ತಿತ್ತು.

‘ಯಾಕಣ್ಣ?’ ಎಂದೆ.

‘ಅಳ್ಳದ ನೀರು ಚಕ್ರದೊಳಿಕ್ಕೆ ಓಗಿದೆ. ಒಣಗುದ್ರೆ ಸರ್ಯಾಯ್ತದೆ’ ಎಂದ.

ಹಾಗೆ ಆಗುವುದುಂಟು, ಹಾಗಾಗಿ ಅವನು ನಿಲ್ಲಿಸಿ ನೋಡಲಿಲ್ಲ. ಅತ್ತಿಗೆ ನನ್ನ ಮಣಿಕಟ್ಟನ್ನು ಹಿಡಿದಿದ್ದ ಬಿಗಿಗೆ ನನ್ನ ಕೈ ನೀಲಿಯಾಗಿತ್ತು. ಅದನ್ನು ನೋಡಿದ ಯಾರೂ ನಿಲ್ಲಿಸುತ್ತಿರಲಿಲ್ಲ. ಆದರೆ ನೀರು ಒಣಗುತ್ತದೆ, ಹರಳೆಣ್ಣೆ ಒಣಗುವುದಿಲ್ಲ. ಚಕ್ರ ಉರುಳಿದಷ್ಟೂ ಅದು ಒಳಗೆಲ್ಲ ಹರಡುತ್ತಿತ್ತು. ಅಣ್ಣ ಮತ್ತೆ ಮತ್ತೆ ಬ್ರೇಕು ತುಳಿಯುತ್ತಿದ್ದ. ತುಳಿದಾಗ ಕಾಲಿಗೆ ಗಟ್ಟಿಯಾಗಿಯೇ ಸಿಗುತ್ತಿತ್ತಂತೆ, ಕಾರು ಮಾತ್ರ ಕೇಳುತ್ತಿರಲಿಲ್ಲವಂತೆ.

‘ಇವತ್ತು ಚಕ್ರ ಎಷ್ಟು ನುಣ್ಗೆ ಓಯ್ತಾವೆ ನೋಡು’ ಎಂದಳು ಅವ್ವ.

ರಾಮಾಪುರ ಇನ್ನೂ ದೂರವಿರುವಾಗ ಒಂದು ಇಳಿಜಾರು ಬರುತ್ತದೆ. ಬಲಕ್ಕೆ ಕೊರಕಲು, ಎಡಕ್ಕೆ ಯಾರದೋ ಹೊಲಕ್ಕೆ ಹಾಕಿದ ಕಾಡುಗಲ್ಲಿನ ಗೋಡೆ. ಕೆಳಗೆ ಒಂದೇ ಗಾಡಿ ದಾಟುವಷ್ಟು ಅಗಲದ ಮೋರಿ. ಅಣ್ಣ ಇಳಿಜಾರಿನ ತಲೆಯಲ್ಲೇ ಗೇರು ಇಳಿಸಿದ. ಎಂಜಿನ್ನು ಅರಚಿಕೊಂಡು ಸ್ವಲ್ಪ ತಡೆಯಿತು, ಆದರೂ ವೇಗ ಏರುತ್ತಲೇ ಹೋಯಿತು. ಕೈಬ್ರೇಕು ಎಳೆದ. ಅದು ಹಿಡಿಯುವುದೂ ಅದೇ ಎಣ್ಣೆ ಕುಡಿದ ಚಕ್ರಗಳನ್ನೇ.

ಆಗ ಕೆಳಗೆ ಗಾಡಿಗಳು ಕಂಡವು. ಬಿದಿರು ಹೇರಿದ ಎತ್ತಿನಗಾಡಿಗಳು ಒಂದರ ಹಿಂದೆ ಒಂದು ಮೋರಿ ಹತ್ತುತ್ತಿದ್ದವು. ಮುಂದಿನ ಗಾಡಿಯವನು ಎತ್ತಿನ ಮೂಗುದಾರ ಹಿಡಿದು ಹಿಂದುಹಿಂದಕ್ಕೆ ನಡೆಯುತ್ತಿದ್ದ, ಅವನ ಬೆನ್ನು ನಮ್ಮ ಕಡೆಗಿತ್ತು. ಅಣ್ಣ ಹಾರನ್ನು ಹಿಸುಕಿದ. ಆ ಮನುಷ್ಯ ತಿರುಗಿದ, ಬಾಯಿ ತೆರೆದ, ಕಾಲು ಮಾತ್ರ ಏಳಲಿಲ್ಲ. ಗಾಡಿಗಳಿಗೆ ಅತ್ತ ಇತ್ತ ಸರಿಯಲು ಜಾಗವೂ ಇರಲಿಲ್ಲ.

‘ಮಾದೇವೀ, ರತ್ನನ್ ತಲೆ ಇಡ್ಕೊ! ಅವ್ವಾ, ಈ ಕಡೀಕ್ ಬಾ!’

ಅವ್ವನನ್ನು ಒಂದು ಕೈಯಲ್ಲಿ ತನ್ನ ಕಡೆಗೆ ಎಳೆದುಕೊಂಡು, ಇನ್ನೊಂದು ಕೈಯಲ್ಲಿ ಅವನು ಕಾರನ್ನು ಎಡಕ್ಕೆ ತಿರುಗಿಸಿ ಗೋಡೆಗೆ ಒತ್ತಿದ.

ಆ ಸದ್ದನ್ನು ಹೇಗೆ ಹೇಳಲಿ? ತಗಡು ಕಲ್ಲಿಗೆ ಉಜ್ಜಿ ಕಿರುಚಿತು. ಕಿಟಕಿಯಲ್ಲಿ ಕಿಡಿ, ಧೂಳು, ಹಸಿರು ಬಣ್ಣದ ಚಕ್ಕೆ. ಹಿಂದಿನ ಬಾಗಿಲು ಒಳಕ್ಕೆ ಬಾಗಿ ಬಂತು. ಕಲ್ಲು ಬಿಟ್ಟುಕೊಟ್ಟ ಕಡೆಯಲ್ಲೆಲ್ಲ ಅಣ್ಣ ಮತ್ತೆ ಒತ್ತುತ್ತಿದ್ದ. ಬಳೆಯ ಒಂದು ಗೀಚಿಗೆ ಊರು ಎಬ್ಬಿಸಿದವನು, ಆ ಕಾರಿನ ಇಡೀ ಎಡಮೈಯನ್ನು ತಾನೇ ಕೈಯಾರೆ ಸುಲಿಯುತ್ತಿದ್ದ. ನಾನು ಅತ್ತಿಗೆಯ ಮೇಲೆ ಬಗ್ಗಿ ಕಣ್ಣು ಮುಚ್ಚಿದ್ದೆ. ಸದ್ದು ನಿಂತಾಗ ಮೊದಲು ಕೇಳಿಸಿದ್ದು ಎತ್ತಿನ ಉಸಿರು. ಮುಂದಿನ ಗಾಡಿಯ ನೊಗ ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿತ್ತು.

‘ಅತ್ತಿಗೆ?’ ಎಂದೆ. ಅವಳು ಕಣ್ಣು ಬಿಟ್ಟು, ‘ಕೂಸು ಅಲ್ಲಾಡ್ತದೆ’ ಎಂದಳು. ಅಷ್ಟೇ ಸಾಕಾಗಿತ್ತು ನನಗೆ.

ಗಾಡಿಯವರು ಓಡಿ ಬಂದರು. ಎಡಗಡೆಯ ಮಡ್ಗಾರ್ಡು ಮಡಚಿ ಚಕ್ರಕ್ಕೆ ಕಚ್ಚಿಕೊಂಡಿತ್ತು. ಅವರು ಹೊರೆಯಿಂದ ದಪ್ಪನೆಯ ಬಿದಿರು ಎಳೆದು, ಸಂದಿಗೆ ತೂರಿಸಿ ಮೀಟಿ ಬಿಡಿಸಿದರು. ಅಣ್ಣ ಅಷ್ಟರಲ್ಲಿ ಜಾಕಿ ಕೊಟ್ಟು ಮುಂದಿನ ಚಕ್ರ ಬಿಚ್ಚಿದ್ದ. ನಾನು ಪಕ್ಕದಲ್ಲಿ ನಿಂತಿದ್ದೆ. ಒಳಗಿನ ಡ್ರಮ್ಮು ಹೊರಗೆ ಬಂದದ್ದೇ ತಡ, ಎಣ್ಣೆ ಅವನ ಮೊಣಕೈ ತನಕ ಇಳಿಯಿತು. ಅವನು ಬೆರಳು ಮೂಸಿದ. ಹರಳೆಣ್ಣೆಯ ವಾಸನೆ ನನಗೂ ಬಡಿಯಿತು.

ಅವ್ವ ಕಾರಿನಿಂದ ಇಣುಕಿ, ‘ನಾನೇ ಕಣಪ್ಪ ಬುಟ್ಟಿದ್ದು. ನಾಕ್ ಚಕ್ರಕ್ಕೂ ಬುಟ್ಟೆ. ಅದಿಲ್ದೆ ಓಗಿದ್ರೆ ಚಕ್ರ ಕಚ್ಕಂಡು ಈಗ ನಾವೆಲ್ಲಾ ಕೊರಕಲಲ್ಲಿ ಇರ್ತಿದ್ವಿ’ ಎಂದಳು. ಅವಳ ಮುಖದಲ್ಲಿ ಎಂಥ ನೆಮ್ಮದಿ!

‘ಅವ್ವಾ, ನೀನು...’ ಎಂದು ಬಾಯಿ ತೆರೆದೆ. ಅಣ್ಣ ಎಣ್ಣೆಗೈಯಲ್ಲೇ ನನ್ನ ರಟ್ಟೆ ಹಿಡಿದು ಕೆಳಕ್ಕೆ ಎಳೆದ.

‘ಸುಮ್ಕಿರು’ ಎಂದು ಪಿಸುಗುಟ್ಟಿದ. ‘ರತ್ನ ಉಳೀತಾಳೋ ಇಲ್ವೋ ಗೊತ್ತಿಲ್ಲ. ಅವ್ಳಿಗೇನಾರಾ ಆಗಿ, ಇದೂ ಗೊತ್ತಾದ್ರೆ, ಅವ್ವನೂ ಉಳಿಯಾಕಿಲ್ಲ.’

ಆಮೇಲೆ ತಲೆ ಎತ್ತಿ, ದೊಡ್ಡ ದನಿಯಲ್ಲಿ, ‘ಊ ಕಣವ್ವ, ಒಳ್ಳೇದ್ ಮಾಡ್ದೆ’ ಎಂದ.

ಗಾಡಿಯವನೊಬ್ಬ ಏನಾಯಿತೆಂದು ಕೇಳಿದ. ‘ಬ್ರೇಕ್ ಬಿಗಿ ಮಾಡದು ಮರ್ತಿದ್ದೆ’ ಎಂದ ಅಣ್ಣ. ಬಿದಿರು ಗಾಡಿಗಳ ಜೊತೆಯಲ್ಲಿ ಆ ಮಾತು ನಮಗಿಂತ ಮೊದಲೇ ಊರು ಸೇರಿತು. ಹೆಸರೂ ಅಲ್ಲಿಂದಲೇ ಹುಟ್ಟಿತು.

ನಾನು ನನ್ನ ಸೀರೆಯ ಸೆರಗು ಹರಿದು ಕೊಟ್ಟೆ. ಅಣ್ಣ ಪೆಟ್ರೋಲಿನಲ್ಲಿ ಅದನ್ನು ಅದ್ದಿ, ಬ್ರೇಕಿನ ಪಟ್ಟಿಗಳನ್ನು ಒರೆಸಿ, ಒಣಗಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಮತ್ತೆ ಒರೆಸಿದ. ಎಲ್ಲ ಚಕ್ರ ಬಿಚ್ಚಲು ಹೊತ್ತಿರಲಿಲ್ಲ, ಮುಂದಿನವೆರಡೇ ಸಾಕು ಎಂದ. ಅತ್ತಿಗೆ ಒಂದೊಂದು ಸಲ ಕೂಗಿದಾಗಲೂ ಅವನ ಕೈ ಒಂದು ಗಳಿಗೆ ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಕೊನೆಯ ನಟ್ಟು ಬಿಗಿಯುವ ಹೊತ್ತಿಗೆ ಕೂಗು ಕಡಿಮೆಯಾಗಿ ಬರೀ ನರಳಾಟ ಉಳಿದಿತ್ತು. ಕೂಗಿಗಿಂತ ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ಹನೂರು ದಾಟಿದ್ದು ನೆನಪಿದೆ. ಕೊಳ್ಳೇಗಾಲದ ಪೇಟೆಯಲ್ಲಿ ರೇಷ್ಮೆಗೂಡಿನ ಬುಟ್ಟಿ ಹೊತ್ತವರು ನಮ್ಮ ಸುಲಿದ ಕಾರು ನೋಡಿ ಎರಡೂ ಕಡೆಗೆ ಸರಿದದ್ದು ನೆನಪಿದೆ. ಆಸ್ಪತ್ರೆಯಲ್ಲಿ ಅತ್ತಿಗೆಯನ್ನು ಒಳಗೆ ತೆಗೆದುಕೊಂಡು ಹೋಗಿ ಬಾಗಿಲು ಹಾಕಿದರು. ಅಣ್ಣ ಆ ಬಾಗಿಲ ಎದುರು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ. ಅವನ ಕೈಯಿಂದ ಹರಳೆಣ್ಣೆಯ ವಾಸನೆ ಬರುತ್ತಲೇ ಇತ್ತು. ಮಧ್ಯಾಹ್ನ ಕಳೆದ ಮೇಲೆ ಒಳಗಿನಿಂದ ಮಗುವಿನ ಅಳು ಕೇಳಿಸಿತು. ನರ್ಸಮ್ಮ ಬಂದು ಹೆಣ್ಣು, ತಾಯಿಗೂ ಭಯವಿಲ್ಲ ಎಂದಾಗ ನಾನು ಹೋಗಿ ಅಣ್ಣನ ಪಕ್ಕ ನೆಲದ ಮೇಲೆ ಕೂತೆ.

ಅತ್ತಿಗೆಯನ್ನು ಮನೆಗೆ ಕಳಿಸುವ ತನಕ ಅಣ್ಣ ಆಸ್ಪತ್ರೆಯ ಹಿಂದಿನ ಹೊಂಗೆಮರದ ಕೆಳಗೆ ಕಾರಿನ ಎಡಮೈ ಎಬ್ಬಿಸುತ್ತಿದ್ದ. ಕೊಡತಿಯ ಸದ್ದು ವಾರ್ಡಿನೊಳಕ್ಕೆ ಬರುತ್ತಿತ್ತು, ಕಾಂಪೌಂಡರು ಬಂದು ಗದರಿದರೆ ಒಂದಷ್ಟು ಹೊತ್ತು ನಿಲ್ಲುತ್ತಿತ್ತು. ಅವ್ವ ಇತ್ತ ಪಕ್ಕದ ಹಾಸಿಗೆಯವರಿಗೆಲ್ಲ ತನ್ನ ಎಣ್ಣೆಯ ಮಹಿಮೆ ಹೇಳುತ್ತಿದ್ದಳು. ನಾನು ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದೆ. ಅತ್ತಿಗೆ ಮಗುವನ್ನು ಮಗ್ಗುಲಿಗೆ ಹಾಕಿಕೊಂಡು ಸುಮ್ಮನೆ ಮಲಗಿರುತ್ತಿದ್ದಳು. ದಾರಿಯಲ್ಲಿ ಅಣ್ಣ ಪಿಸುಗುಟ್ಟಿದ್ದು ಅವಳಿಗೆ ಕೇಳಿಸಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಹೊರಡುವ ದಿನ ಅತ್ತಿಗೆಯ ಅಪ್ಪ ಶಿವನಂಜಯ್ಯ ಬಂಡಳ್ಳಿಯಿಂದ ಬಂದರು. ಬಾಣಂತನಕ್ಕೆ ಮಗಳನ್ನು ಕರೆದುಕೊಂಡು ಹೋಗಲು ಬಾಡಿಗೆ ಕಾರು ತಂದು ಗೇಟಿನಲ್ಲಿ ನಿಲ್ಲಿಸಿದ್ದರು. ದಾರಿಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಮೊಮ್ಮಗಳ ಮುಖ ನೋಡಿ ಕಣ್ಣೊರೆಸಿಕೊಂಡು, ಅಣ್ಣನ ಕಡೆ ತಿರುಗಿದರು.

‘ಅಳಿಯಂದ್ರೆ, ಒಂದ್ ಕೂಸು ನನ್ ಮನೇಲಿ ಓಯ್ತು. ದೇವ್ರಿಚ್ಛೆ ಅಂದ್ಕಂಡೆ. ಇದೂ ಓಗಿದ್ರೆ ಯಾರಿಚ್ಛೆ ಅನ್ನದು? ಕೊಳ್ಳೇಗಾಲ್ದಲ್ಲಿ ಗ್ಯಾರೇಜ್ನೋರು ಇರ್ನಿಲ್ವಾ? ಬಸುರೀನ ಕೂರಿಸ್ಕಂಡು ಓಗೋ ಗಾಡೀಲಿ ಬ್ರೇಕ್ ನೋಡಾಕಿಲ್ವಾ? ನನ್ ಮಗಳನ್ನ ಇನ್ನ ಆ ಕಾರಿಗೆ ನಾನು ಅತ್ಸಾಕಿಲ್ಲ.’

ವಾರ್ಡಿನಲ್ಲಿ ಎಲ್ಲರೂ ನಮ್ಮ ಕಡೆಗೇ ನೋಡುತ್ತಿದ್ದರು. ಅವ್ವನೂ ದನಿಗೂಡಿಸಿದಳು. ‘ನಾನೂ ಅದ್ನೇ ಯೋಳದು ಬೀಗ್ರೆ. ಎಲ್ಲಾ ನಾನೇ ಮಾಡ್ತೀನಿ ಅಂತಾನೆ. ನಾನ್ ಎಣ್ಣೆ ಬುಟ್ಟಿದ್ಕೆ ಸರೋಯ್ತು.’

ಅಣ್ಣನ ಕುತ್ತಿಗೆಯ ನರ ಉಬ್ಬಿತು. ಅವನ ಕೋಪ ನನಗೆ ಗೊತ್ತು. ಈಗ ಸಿಡಿಯುತ್ತದೆ, ಅವ್ವನ ಬಾಳು ಇಲ್ಲೇ ಮುಗಿಯುತ್ತದೆ ಎಂದುಕೊಂಡೆ. ಅವನು ತಲೆ ತಗ್ಗಿಸಿ, ತನ್ನ ಕೈಗಳನ್ನು ನೋಡಿಕೊಂಡ. ಉಗುರುಸಂದಿಯಲ್ಲಿ ಹಸಿರು ಬಣ್ಣವಿತ್ತು.

‘ತಪ್ಪು ನಂದೇ ಮಾವ’ ಎಂದ.

ನನ್ನಿಂದ ತಡೆಯಲಾಗಲಿಲ್ಲ. ಎದ್ದು ನಿಂತೆ. ಆದರೆ ನನಗಿಂತ ಮೊದಲು ಅತ್ತಿಗೆ ಮಾತಾಡಿದಳು.

‘ಅಪ್ಪಾ, ಆ ಬಾಡಿಗೆ ಕಾರ್ನ ಕಳ್ಸ್ಬುಡು. ನಾನು ಬಂಡಳ್ಳಿಗೆ ಇವ್ರ ಕಾರಲ್ಲೇ ಬರದು.’

‘ತಲೆ ಕೆಟ್ಟದಾ ನಿಂಗೆ?’ ಎಂದರು ಶಿವನಂಜಯ್ಯ.

‘ನಾನು ಆ ಕಾರೊಳ್ಗೇ ಮಲ್ಗಿದ್ದೆ ಅಪ್ಪಾ. ಕಿವಿ ಮುಚ್ಕಂಡಿರ್ನಿಲ್ಲ. ನನ್ ಕೂಸ್ನ ಯಾರು ಉಳಿಸ್ದೋರು ಅಂತ ನಂಗೊತ್ತು’ ಎಂದಳು.

ಆಮೇಲೆ ಅವಳು ಮಗುವನ್ನು ಎತ್ತಿ, ನಮ್ಮವ್ವನ ಮಡಿಲಲ್ಲಿ ಇಟ್ಟಳು. ‘ಅತ್ತೆ, ನೀವು ನನ್ ಪಕ್ದಲ್ಲೇ ಕೂತ್ಕಬೇಕು. ದಾರೀಲಿ ಕೂಸ್ನ ನೀವೇ ಇಡ್ಕಳಿ.’

ಅವ್ವ ಬೀಗರ ಕಡೆ ಗೆದ್ದವಳಂತೆ ನೋಡಿ, ಮೊಮ್ಮಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಅಣ್ಣ ಅಲ್ಲಿ ನಿಲ್ಲಲಿಲ್ಲ. ಹುಡುಕಿಕೊಂಡು ಹೋದಾಗ ಹೊಂಗೆಮರದ ಕೆಳಗೆ ಕಾರಿನ ಮರೆಯಲ್ಲಿ ಕೂತು, ಮೊಣಕಾಲಿಗೆ ಮುಖ ಒತ್ತಿ ಅಳುತ್ತಿದ್ದ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನನ್ನು ಕಂಡು ತೋಳಿನಿಂದ ಮುಖ ಒರೆಸಿಕೊಂಡ, ಜಾಕಿ ಎಳೆದುಕೊಂಡು, ನಾಲ್ಕೂ ಚಕ್ರಗಳನ್ನು ಇನ್ನೊಂದು ಸಲ ಬಿಚ್ಚಿ ನೋಡಲು ಕೂತ.